ನಾಳೆ ಬಾ

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮನೆ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದಿರುತ್ತಿದ್ದದ್ದು ನಿಮಗೆ ನೆನಪಿರಬೇಕು. ನೆನಪಿಲ್ಲದಿದ್ದರೆ ನೀವಿನ್ನೂ ಚಿಕ್ಕವರು, ಸಂತೋಷ. ರಾತ್ರಿ ಹೊತ್ತು ಒಂದು ದೆವ್ವ ಬೀದಿಗೆ ಬರುತ್ತದೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟು ಬಾಗಿಲು ತೆಗೆದವನ ಕಥೆ ಅಲ್ಲಿಗೆ ಮುಗಿಯಿತು ಅಂತ ಊರೆಲ್ಲ ಪುಕಾರು. ಅದಕ್ಕೆ ಯಾರೋ ಪುಣ್ಯಾತ್ಮರು ಉಪಾಯ ಹುಡುಕಿದರು. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದರೆ ಸಾಕು, ದೆವ್ವ ಅದನ್ನು ಓದಿಕೊಂಡು ವಾಪಸ್ಸು ಹೋಗುತ್ತದೆ. ಮರುದಿನ ಬರುತ್ತದೆ, ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. ಹಿಂದಿಯವರು ಇದೇ ಎಳೆ ಹಿಡಿದು 2018ರಲ್ಲಿ ‘ಸ್ತ್ರೀ’ ಅಂತ ಸಿನಿಮಾ ಮಾಡಿ ದುಡ್ಡು ಬಾಚಿಕೊಂಡರು. ನಮಗೆ ಸಿಕ್ಕಿದ್ದು ಸೀಮೆಸುಣ್ಣದ ಖರ್ಚು.

ನನಗೆ ಆಗಲೇ ಒಂದು ಅನುಮಾನ ಇತ್ತು. ಓದುಬರಹ ಬಲ್ಲ, ಬರೆದದ್ದನ್ನು ನಂಬುವ, ‘ಯಾವ ನಾಳೆ’ ಅಂತ ಒಂದು ಮಾತು ಕೇಳದೆ ತಲೆ ತಗ್ಗಿಸಿ ಹಿಂತಿರುಗುವ ಇಂಥ ಸಂಭಾವಿತ ಪ್ರಾಣಿ ದೆವ್ವ ಆಗಿರಲು ಸಾಧ್ಯವೇ? ಅದು ಖಂಡಿತ ಯಾವುದೋ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಸೇರಿದ ಪಿಎಚ್.ಡಿ. ವಿದ್ಯಾರ್ಥಿ ಇರಬೇಕು.

ಈ ಮಾತನ್ನು ಅಧಿಕಾರದಿಂದಲೇ ಹೇಳುತ್ತಿದ್ದೇನೆ. ಮೂವತ್ತೊಂದು ವರ್ಷ ಒಂದು ವಿಶ್ವವಿದ್ಯಾಲಯದ ಕಿಟಕಿಯ ಒಳಗೆ ಕೂತು ಎದ್ದವನು ನಾನು. ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ, ಪಿಂಚಣಿ ಇನ್ನೂ ಬರಬೇಕು. ನಮ್ಮಮ್ಮ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ಬರೆದದ್ದನ್ನೇ ನಾನು ಬಹುವಚನ ಸೇರಿಸಿ ‘ನಾಳೆ ಬನ್ನಿ’ ಅಂತ ಬಾಯಲ್ಲಿ ಹೇಳಿ ಸಂಬಳ ಎಣಿಸಿದೆ. ಆ ಪಾಪವೆಲ್ಲ ಒಟ್ಟುಗೂಡಿ ಹೋದ ವರ್ಷ ತಿಪಟೂರಿನಿಂದ ರೈಲು ಹತ್ತಿ, ಯಶವಂತಪುರದಲ್ಲಿ ಇಳಿದು, ಒಂದು ಚೀಲ ತೆಂಗಿನಕಾಯಿ, ಒಂದು ಡಬ್ಬಿ ಕೊಬ್ಬರಿ ಮಿಠಾಯಿ, ಒಂದು ಪ್ಲಾಸ್ಟಿಕ್ ಫೈಲು ಹಿಡಿದು ತಣಿಸಂದ್ರದ ನಮ್ಮ ಮನೆ ಮುಂದೆ ಬಂದು ನಿಂತಿತು.

ಅಕ್ಕನ ಮಗ. ತುಮಕೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ಪರೀಕ್ಷೆ ಪಾಸಾಗಿ, ನಮ್ಮ ಉತ್ತರ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಸಂಶೋಧನೆಗೆ ಸೇರಲು ಬಂದಿದ್ದ.

“ಮಾವ, ಜಾಯಿನಿಂಗ್ ಅಷ್ಟೆ. ಒಂದಿನದ ಕೆಲಸ,” ಅಂದ.

ನಮ್ಮಾಕೆ ಅಡುಗೆಮನೆಯಿಂದ ನನ್ನ ಮುಖ ನೋಡಿದಳು. ನಾನು ಕ್ಯಾಲೆಂಡರ್ ನೋಡಿದೆ.

ತಣಿಸಂದ್ರದ ಬಗ್ಗೆ ಎರಡು ಮಾತು ಹೇಳಿಬಿಡಬೇಕು. ‘ಸಂದ್ರ’ ಅಂದರೆ ಸಮುದ್ರ. ಊರಿಗೊಂದು ಕೆರೆ ಕಟ್ಟಿಸಿ ಅದಕ್ಕೆ ಸಮುದ್ರ ಅಂತ ಹೆಸರಿಡುವಷ್ಟು ಧಾರಾಳ ನಮ್ಮ ಹಿಂದಿನವರದು. ಈಗ ಆ ಸಮುದ್ರ ಬೆಳಗಿನ ಜಾವ ಟ್ಯಾಂಕರ್‌ನಲ್ಲಿ ಬರುತ್ತದೆ. ನಾಗವಾರದ ಕಡೆ ಮಾನ್ಯತಾ ಟೆಕ್ ಪಾರ್ಕು, ಅದರ ಪಕ್ಕದಲ್ಲೇ ಮೆಟ್ರೊ ಕಂಬಗಳು, ಈ ಕಡೆ ಅಪಾರ್ಟ್‌ಮೆಂಟುಗಳು, ನಡುವೆ ಸಂದು ಸಿಕ್ಕಿದ ಕಡೆಯೆಲ್ಲ ‘ಪಿ.ಜಿ. ಫಾರ್ ಜೆಂಟ್ಸ್’. ಹಿಂದೆ ಪಿ.ಜಿ. ಅಂದರೆ ಸ್ನಾತಕೋತ್ತರ ಪದವಿ ಅಂತ ಅರ್ಥ ಇತ್ತು, ಅದನ್ನು ಓದಿದ ಹುಡುಗನಿಗೆ ಹೆಣ್ಣು ಕೊಡುತ್ತಿದ್ದರು. ಈಗ ಪಿ.ಜಿ. ಅಂದರೆ ಮೂರು ಮಂಚ, ಒಂದು ಬಚ್ಚಲು, ಭಾನುವಾರ ಪೂರಿ. ಪಿ.ಜಿ. ಮಾಡಿದವನು ಪಿ.ಜಿ.ಯಲ್ಲೇ ಇರಬೇಕಾದ ಕಾಲ.

ಆದರೆ ನಮ್ಮ ಏರಿಯಾ ಬರೀ ಸಾಫ್ಟ್‌ವೇರ್‌ನವರದ್ದು ಅಂತ ತಿಳಿಯಬೇಡಿ. ಇಲ್ಲಿ ಕಲ್ಲೆಸೆದರೆ ಅದು ಒಬ್ಬ ರಿಸರ್ಚ್ ಸ್ಕಾಲರ್ ತಲೆ ಮೇಲೇ ಬೀಳುತ್ತದೆ. ರಾಚೇನಹಳ್ಳಿ ಕೆರೆಯ ಆ ಕಡೆ, ಜಕ್ಕೂರಿನಲ್ಲಿ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ನೆಹರೂ ಹುಟ್ಟಿ ನೂರು ವರ್ಷವಾದ 1989ರಲ್ಲಿ ಶುರುವಾದದ್ದು, ಕಟ್ಟಿ ಬೆಳೆಸಿದವರು ನಮ್ಮ ಸಿ.ಎನ್.ಆರ್. ರಾವ್. ಹಾಗೇ ಬಳ್ಳಾರಿ ರಸ್ತೆಗೆ ಹೋದರೆ 1964ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣ, ಅದರ ಹೊಟ್ಟೆಯೊಳಗೇ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌.ಸಿ.ಬಿ.ಎಸ್. ಯಲಹಂಕದ ಆಚೆ ಕಟ್ಟಿಗೇನಹಳ್ಳಿಯಲ್ಲಿ ರೇವಾ. ಈ ಕಡೆ ಯಶವಂತಪುರದ ಹತ್ತಿರ ಭಾರತೀಯ ವಿಜ್ಞಾನ ಸಂಸ್ಥೆ. ಅದು 1909ರಲ್ಲಿ ಹುಟ್ಟಿದ್ದು; ಬಸ್ಸಿನಲ್ಲಿ ಮಾತ್ರ ಇವತ್ತಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’. ಹೊಸದಾಗಿ ಸೇರಿದ ಹುಡುಗ ‘ಐ.ಐ.ಎಸ್ಸಿ. ಬಂದ್ರೆ ಹೇಳಿ’ ಅಂತ ಕಂಡಕ್ಟರ್‌ಗೆ ಹೇಳಿ ಕೂತರೆ ಮೆಜೆಸ್ಟಿಕ್ ಬರುತ್ತದೆ.

ಇನ್ನು ನಮ್ಮ ಅಳಿಯನ ಒಂದು ದಿನದ ಕೆಲಸಕ್ಕೆ ಬರೋಣ.

ಅವನ ಫೈಲು ತೆಗೆದು ನೋಡಿದೆ. ನಲವತ್ತು ಪಾಸ್‌ಪೋರ್ಟ್ ಸೈಜಿನ ಫೋಟೊ ಇತ್ತು, ಮೈಗ್ರೇಷನ್ ಸರ್ಟಿಫಿಕೇಟ್ ಇರಲಿಲ್ಲ. ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಹಳೆಯ ವಿಶ್ವವಿದ್ಯಾಲಯ ‘ಇವನನ್ನು ನೀವು ಇಟ್ಟುಕೊಳ್ಳಬಹುದು, ನಮ್ಮ ತಕರಾರಿಲ್ಲ’ ಅಂತ ಬರೆದುಕೊಡುವ ಚೀಟಿ ಅದು. ತವರಿನವರು ಮಗಳನ್ನು ಕಳಿಸಿಕೊಡುವ ಹಾಗೆ. ಅದಿಲ್ಲದೆ ಬಂದ ಹುಡುಗನನ್ನು ಓಡಿಬಂದ ಹುಡುಗಿಯನ್ನು ನೋಡುವ ಹಾಗೆ ನೋಡುತ್ತಾರೆ. ಮರುದಿನವೇ ತುಮಕೂರಿಗೆ ಓಡಿಸಿದೆ. ಹೊರಡುವಾಗ ಇನ್ನೊಂದು ಮಾತು ಕಿವಿಯಲ್ಲಿ ಹಾಕಿದೆ. “ನೋಡಪ್ಪ, ಮೂಲ ಅಂಕಪಟ್ಟಿ ತೋರಿಸು, ಪರಿಶೀಲನೆ ಆದ ಮೇಲೆ ಕೈಯಾರೆ ವಾಪಸ್ ಇಸ್ಕೊ. ‘ನಮ್ಮ ಹತ್ರಾನೇ ಇರ್ಲಿ, ಭದ್ರವಾಗಿರುತ್ತೆ’ ಅಂತ ಯಾರಾದ್ರೂ ಅಂದ್ರೆ ಒಪ್ಕೋಬೇಡ. ಹಾಗೆ ಇಟ್ಕೊಳ್ಳೋ ಹಾಗಿಲ್ಲ ಅಂತ ಯು.ಜಿ.ಸಿ. 2018ರಲ್ಲೇ ಹೇಳಿದೆ.” ಇದನ್ನು ನಾನು ಕೆಲಸದಲ್ಲಿದ್ದಾಗ ಯಾರಿಗೂ ಹೇಳಿದವನಲ್ಲ. ನಿವೃತ್ತಿಯಾದ ಮೇಲೆ ಜ್ಞಾನ ತಾನಾಗಿ ಹೊರಗೆ ಬರುತ್ತದೆ.

ಇಲ್ಲಿಂದ ಶುರುವಾಯಿತು ನೋಡಿ ಚಕ್ರ. ನಮ್ಮ ಮನೆಯಲ್ಲಿ ಇರೋಣವೆಂದರೆ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಇರುವುದು ಒಂದು ಹಾಲು, ಎರಡು ರೂಮು. ಹಾಸ್ಟೆಲ್ಲಿನಲ್ಲಿ ವೇಟಿಂಗ್ ಲಿಸ್ಟು. ಹೆಗಡೆನಗರದ ಕಡೆ ಒಂದು ಮನೆ ನೋಡಿದ. ಮಾಲೀಕರು ಅಡ್ವಾನ್ಸ್ ಕೇಳಿದರು. ಅಡ್ವಾನ್ಸಿಗೆ ಫೆಲೋಶಿಪ್ ಬರಬೇಕು. ಫೆಲೋಶಿಪ್ ಬರಲು ಇಲ್ಲಿನ ಬ್ಯಾಂಕಿನಲ್ಲಿ ಖಾತೆ ಬೇಕಂತೆ. ಖಾತೆಗೆ ಸ್ಥಳೀಯ ವಿಳಾಸದ ಪುರಾವೆ ಬೇಕು. ಅವನ ಆಧಾರ್ ತಿಪಟೂರಿನದು. ವಿಳಾಸದ ಪುರಾವೆಗೆ ಬಾಡಿಗೆ ಕರಾರುಪತ್ರ ಬೇಕು. ಕರಾರುಪತ್ರಕ್ಕೆ ಅಡ್ವಾನ್ಸ್ ಕೊಡಬೇಕು. ಅಲ್ಲಿಗೆ ಹೊರಟಲ್ಲಿಗೇ ಬಂದ. ಹಿರಿಯರು ಬೀಜವೃಕ್ಷ ನ್ಯಾಯ ಅಂತ ತಲೆ ಕೆಡಿಸಿಕೊಂಡಿದ್ದರಲ್ಲ, ಅವರೇನಾದರೂ ತಣಿಸಂದ್ರದಲ್ಲಿ ಬಾಡಿಗೆ ಮನೆ ಹುಡುಕಿದ್ದರೆ ಬೀಜವನ್ನೂ ವೃಕ್ಷವನ್ನೂ ಅಲ್ಲೇ ಬಿಟ್ಟು ಸನ್ಯಾಸ ತಗೊಳ್ಳುತ್ತಿದ್ದರು.

ಈ ಚಕ್ರವ್ಯೂಹ ಒಡೆಯುವ ಒಂದೇ ಅಸ್ತ್ರ ಅಂದರೆ ಬೋನಫೈಡ್ ಸರ್ಟಿಫಿಕೇಟು. ‘ಈತ ನಮ್ಮ ವಿದ್ಯಾರ್ಥಿ, ಇಂಥ ವಿಭಾಗದಲ್ಲಿ ಓದುತ್ತಿದ್ದಾನೆ, ಇಂಥ ವಿಳಾಸದಲ್ಲಿ ವಾಸವಾಗಿದ್ದಾನೆ’. ಮೂರೇ ಸಾಲು, ಒಂದು ಸಹಿ, ಒಂದು ದುಂಡು ಸೀಲು. ಬ್ಯಾಂಕಿಗೂ ಅದೇ, ಬಸ್ ಪಾಸಿಗೂ ಅದೇ, ವಿದ್ಯಾರ್ಥಿವೇತನಕ್ಕೂ ಅದೇ. ಪ್ರೊಫೆಸರು ಇಲ್ಲದೆ ಆರು ತಿಂಗಳು ಸಂಶೋಧನೆ ನಡೆಯಬಹುದು, ಬೋನಫೈಡ್ ಇಲ್ಲದೆ ಆರು ದಿನ ನಡೆಯುವುದಿಲ್ಲ.

ಸೋಮವಾರ ಹೋದ. ‘ನಾಳೆ ಬನ್ನಿ’ ಅಂದರಂತೆ. ಬಂದ. ಮಂಗಳವಾರ ಹೋದ. ‘ಸಾಹೇಬ್ರು ಮೀಟಿಂಗಲ್ಲಿದ್ದಾರೆ, ನಾಳೆ ಬನ್ನಿ.’ ಬಂದ. ಬುಧವಾರ ಸರ್ವರ್ ಡೌನು.

“ನೀನೇನು ಕೇಳಿದೆ?” ಅಂದೆ.

“ಏನ್ ಕೇಳೋದು ಮಾವ? ನಾಳೆ ಬನ್ನಿ ಅಂದ್ರು, ಬಂದೆ.”

ನನಗೆ ಮೈ ಜುಮ್ಮೆಂದಿತು. ನಮ್ಮಮ್ಮ ಹೇಳುತ್ತಿದ್ದ ದೆವ್ವದ ಎಲ್ಲ ಲಕ್ಷಣಗಳೂ ಹುಡುಗನಲ್ಲಿದ್ದವು.

ಈ ಕಾಲದ ಹುಡುಗರ ಒಂದು ವಿಚಿತ್ರ ನೋಡಿ. ಇವರು ಮುಂದಿನ ಐದಾರು ವರ್ಷ ಮಾಡಬೇಕಾದ ಕೆಲಸವೇ ಪ್ರಶ್ನೆ ಕೇಳುವುದು. ಅಣು ಹಾಗೇಕೆ ಕುಣಿಯುತ್ತದೆ, ರಾಗಿಗೆ ಬೆಂಕಿರೋಗ ಏಕೆ ತಗಲುತ್ತದೆ, ನಕ್ಷತ್ರದ ಒಳಗೆ ಏನಿದೆ, ಎಲ್ಲವನ್ನೂ ಕೇಳುತ್ತಾರೆ. ಸೃಷ್ಟಿಕರ್ತನನ್ನೇ ಕಟಕಟೆಗೆ ಹತ್ತಿಸಿ ವಿಚಾರಿಸುವ ಗಟ್ಟಿಗರು. ಆದರೆ ಮೂರನೇ ಕಿಟಕಿಯಲ್ಲಿ ಕೂತವರನ್ನು ‘ಫೈಲು ಎಲ್ಲಿದೆ’ ಅಂತ ಕೇಳು ಅಂದರೆ ಬೆವರುತ್ತಾರೆ. ಲೈಬ್ರರಿ ಎಲ್ಲಿ ಅಂತ ಎದುರಿಗೆ ನಿಂತ ವಾಚ್‌ಮನ್ನನ್ನು ಕೇಳುವುದಿಲ್ಲ, ಮೊಬೈಲಿನಲ್ಲಿ ನಕ್ಷೆ ತೆಗೆದು ಅಲ್ಲೇ ನಾಲ್ಕು ಸುತ್ತು ತಿರುಗುತ್ತಾರೆ. ಆ ವಾಚ್‌ಮನ್ ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದಾನೆ. ಯಾವ ಪ್ರೊಫೆಸರು ಎಷ್ಟು ಗಂಟೆಗೆ ಬರುತ್ತಾರೆ, ಬಂದಾಗ ಮುಖ ಹೇಗಿರುತ್ತದೆ, ರಜೆ ಕೇಳಲು ಯಾವ ದಿನ ಒಳ್ಳೆಯದು, ಇದೆಲ್ಲ ಯಾವ ಮೊಬೈಲಿನಲ್ಲಿ ಸಿಗುತ್ತದೆ? ಬಾಯಿದ್ದವ ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಇವರಿಗೆ ಸುಗ್ಗಿಯಲ್ಲೂ ಉಪವಾಸ.

ಅವನನ್ನು ಕೂರಿಸಿ ಒಂದು ಕಥೆ ಹೇಳಿದೆ. ಕಥೆಯಲ್ಲ, ನಡೆದದ್ದೇ. 1933ರಲ್ಲಿ ಕಮಲಾ ಭಾಗವತ್ ಅಂತ ಒಬ್ಬ ಹುಡುಗಿ ಮುಂಬಯಿಯಲ್ಲಿ ಬಿ.ಎಸ್ಸಿ. ಮುಗಿಸಿ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದಳು. ನಿರ್ದೇಶಕರಾಗಿದ್ದವರು ಸಾಕ್ಷಾತ್ ಸರ್ ಸಿ.ವಿ. ರಾಮನ್. ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ ಅಂದುಬಿಟ್ಟರು. ನೊಬೆಲ್ ಬಂದ ಬಾಯಿಂದ ‘ಇಲ್ಲ’ ಅಂತ ಬಂದ ಮೇಲೆ ಇನ್ನೇನಿದೆ? ಆದರೆ ಆ ಹುಡುಗಿ ಹಿಂತಿರುಗಿ ಹೋಗಲಿಲ್ಲ. ಏಕೆ ಆಗುವುದಿಲ್ಲ ಅಂತ ಕೇಳಿದಳು, ಬಿಡದೆ ಕೇಳಿದಳು. ಕೊನೆಗೆ ರಾಮನ್ ಒಂದು ವರ್ಷದ ಪರೀಕ್ಷೆಯ ಷರತ್ತು ಹಾಕಿ ಒಳಗೆ ಬಿಟ್ಟರು. ಆಕೆ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿ, ಆಮೇಲೆ ಕೇಂಬ್ರಿಜ್‌ಗೆ ಹೋಗಿ, 1939ರಲ್ಲಿ ಪಿಎಚ್.ಡಿ. ಪಡೆದಳು. ವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿದ ಮೊದಲ ಭಾರತೀಯ ಮಹಿಳೆ ಅಂತ ಇವತ್ತು ಹೆಸರಿಸುವ ಕಮಲಾ ಸೊಹೊನಿ ಆಕೆಯೇ.

“ಆ ಹುಡುಗಿ ರಾಮನ್‌ನ ಕೇಳಿದ್ಳು ಕಣೋ. ನಿನ್ನ ಕಿಟಕೀಲಿ ಇರೋರು ರಾಮನ್‌ಗಿಂತ ದೊಡ್ಡೋರಾ?”

“ಮಾವ, ರಾಮನ್ ಸರ್ವರ್ ಡೌನ್ ಅಂತ ಹೇಳ್ಲಿಲ್ಲವಲ್ಲ,” ಅಂದ. ಬಾಯಿ ಇದೆ ಹುಡುಗನಿಗೆ, ಮನೆಯಲ್ಲಿ ಮಾತ್ರ.

ಗುರುವಾರ ನಾನೇ ಜೊತೆಗೆ ಹೊರಟೆ. ಇಸ್ತ್ರಿ ಮಾಡಿದ ಷರ್ಟು, ಜೇಬಿಗೆ ಎರಡು ಪೆನ್ನು. ಒಂದು ಬರೆಯಲು, ಒಂದು ಸಾಲ ಕೊಡಲು.

ಆ ಕಿಟಕಿಯ ಮುಂದೆ ನಿಂತಾಗ ನನಗೆ ತವರಿಗೆ ಬಂದ ಹಾಗಾಯಿತು. ಗ್ರಿಲ್ಲಿಗೆ ಟ್ವೈನ್ ದಾರದಲ್ಲಿ ಕಟ್ಟಿದ ರೀಫಿಲ್ಲು, ಅದಕ್ಕೆ ಪೆನ್ನಿನ ಮೈ ಇಲ್ಲ. ಗೋಂದಿನ ಬಾಟಲಿ, ಬ್ರಷ್ಷು ಅದರೊಳಗೇ ಒಣಗಿ ಸಮಾಧಿಯಾಗಿದೆ. ನೇರಳೆ ಬಣ್ಣದ ಇಂಕ್ ಪ್ಯಾಡು, ಅದರ ಪಕ್ಕ ಸೀಲುಗಳ ಸ್ಟ್ಯಾಂಡು, ಸೀಲುಗಳ ಮೇಲೆ ಒಂದು ಬಾಳೆಹಣ್ಣು. ‘ಇಲ್ಲಿ ವಿಚಾರಿಸಬೇಡಿ’ ಅಂತ ಒಂದು ಬೋರ್ಡು, ಅದರ ಬಾಣದ ಗುರುತು ಗೋಡೆಯ ಕಡೆಗೆ. ಒಳಗೆ ಕೂತಿದ್ದವಳು ಇಪ್ಪತ್ತೈದು ಇಪ್ಪತ್ತಾರರ ಹುಡುಗಿ. ನಾವು ಬಾಯಿ ತೆರೆಯುವ ಮೊದಲೇ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, ‘ಬನ್ನಿ’ಯ ‘ನ್ನಿ’ಯನ್ನು ಸ್ವಲ್ಪ ಎಳೆದು, “ನಾಳೆ ಬನ್ನೀ ಸರ್,” ಅಂದಳು.

ಅದೇ ರಾಗ! ಮೂವತ್ತೊಂದು ವರ್ಷ ನಾನು ಹಾಡಿದ ರಾಗ! ಯಾರೂ ಹೇಳಿಕೊಡದೆ ಈ ವಿದ್ಯೆ ಹೇಗೆ ಪೀಳಿಗೆಯಿಂದ ಪೀಳಿಗೆಗೆ ಹರಿದುಬರುತ್ತದೋ! ಕಣ್ಣು ತುಂಬಿಬಂತು. ಆಶೀರ್ವಾದ ಮಾಡಿ ಬಂದುಬಿಡೋಣ ಅನ್ನಿಸಿತು. ನಾನು ಹಿಂತಿರುಗಲು ಕಾಲು ತೆಗೆದೇಬಿಟ್ಟಿದ್ದೆ.

ಆಗ ಪಕ್ಕದಿಂದ ಒಂದು ಸಣ್ಣ ದನಿ ಕೇಳಿತು. “ಮೇಡಂ, ನಾಳೆ ಎಷ್ಟು ಗಂಟೆಗೆ? ಫೈಲು ಈಗ ಯಾರ ಟೇಬಲ್ ಮೇಲಿದೆ?”

ಹುಡುಗಿ ತಲೆ ಎತ್ತಿದಳು. ದೆವ್ವ ಬಾಯಿಬಿಟ್ಟಿತ್ತು! ಬಾಗಿಲಿನ ಬರಹಕ್ಕೆ ಅದು ಎದುರುತ್ತರ ಕೊಟ್ಟದ್ದು ಇದೇ ಮೊದಲಿರಬೇಕು. ಒಂದು ಕ್ಷಣ ಯೋಚಿಸಿ ಆಕೆ ರಿಜಿಸ್ಟರ್ ತೆಗೆದಳು, ಬೆರಳು ಓಡಿಸಿದಳು. “ಡಿ.ಆರ್. ಟೇಬಲ್ ಮೇಲಿದೆ. ಅವ್ರು ಊಟ ಆದ್ಮೇಲೆ ಸೈನ್ ಮಾಡ್ತಾರೆ. ನಾಳೆ ಯಾಕೆ, ಮೂರೂವರೆಗೆ ಬನ್ನಿ. ಬರುವಾಗ ಒಂದು ಫೋಟೊ ತನ್ನಿ.”

ಅಳಿಯನ ಹತ್ತಿರ ಮೂವತ್ತೊಂಬತ್ತು ಇದ್ದವು.

ಕ್ಯಾಂಟೀನಿನಲ್ಲಿ ಕಾಯುತ್ತ ಕೂತಾಗ ನಮ್ಮ ಜಾತಿಯವರ ಪರವಾಗಿಯೂ ಎರಡು ಮಾತು ಹೇಳಿದೆ. ಆ ಮೂರು ಸಾಲಿನ ಕಾಗದ ಸುಮ್ಮನೆ ಹುಟ್ಟುವುದಿಲ್ಲ ಸ್ವಾಮಿ. ಕೇಸ್ ವರ್ಕರ್ ಟಿಪ್ಪಣಿ ಬರೆದು ‘ಮಂಡಿಸಿದೆ’ ಅನ್ನುತ್ತಾನೆ. ಸೂಪರಿಂಟೆಂಡೆಂಟ್ ಒಂದು ಗುರುತು ಹಾಕುತ್ತಾರೆ. ಸಹಾಯಕ ಕುಲಸಚಿವರು ಇನ್ನೊಂದು ಗುರುತು, ಉಪ ಕುಲಸಚಿವರ, ಅಂದರೆ ಡಿ.ಆರ್. ಅವರ, ಸಹಿ. ಆಮೇಲೆ ಅದೇ ಮೆಟ್ಟಿಲು ಇಳಿದು, ರವಾನೆ ವಿಭಾಗದಲ್ಲಿ ನಂಬರು ಬಿದ್ದು, ಸೀಲು ಒತ್ತಿಸಿಕೊಂಡು ಕಿಟಕಿಗೆ ಬರಬೇಕು. ಸೀಲಿನ ಬೀರುವಿನ ಬೀಗದ ಕೈ ಇಟ್ಟುಕೊಂಡವನ ಅತ್ತೆಗೆ ಹುಷಾರಿಲ್ಲದೆ ಹೋದರೆ ಅಲ್ಲಿಗೆ ಒಂದು ದಿನ ಹೋಯಿತು. ಕಿಟಕಿಯಲ್ಲಿ ಕೂತವನಿಗೆ ಇಷ್ಟೆಲ್ಲ ಪುರಾಣ ಪ್ರತಿಯೊಬ್ಬರಿಗೂ ಹೇಳಲು ಆಗುತ್ತದೆಯೇ? ಅದಕ್ಕೇ ಎರಡು ಪದದಲ್ಲಿ ಸಾರಾಂಶ ಹೇಳುತ್ತಾನೆ. ‘ಯಾರ ಟೇಬಲ್’ ಅಂತ ಕೇಳಿದರೆ ಮಾತ್ರ ಪುರಾಣದ ಪುಟ ತೆರೆಯುತ್ತದೆ.

ಮೂರೂವರೆಗೆ ಬೋನಫೈಡ್ ಸಿಕ್ಕಿತು. ನಾಲ್ಕು ದಿನದಲ್ಲಿ ಬ್ಯಾಂಕ್ ಖಾತೆ ಆಯಿತು. ಮನೆಯ ಆಸೆ ಬಿಟ್ಟು ನಮ್ಮ ಬೀದಿಯ ಕೊನೆಯ ಪಿ.ಜಿ.ಯಲ್ಲಿ ಮೂರನೇ ಮಂಚ ಹಿಡಿದ. ಹುಡುಗನ ಬಾಯಿಯ ಬೀಗ ತೆಗೆಯಿತು. ಅಲ್ಲಿಂದ ಮುಂದೆ ಅವನು ತಿಂಗಳೊಪ್ಪತ್ತಿನಲ್ಲಿ ಕೇಳಿ ತಿಳಿದುಕೊಂಡದ್ದು ನಾನು ಮೂವತ್ತೊಂದು ವರ್ಷ ಒಳಗೆ ಕೂತೂ ತಿಳಿಯದ ಸಂಗತಿಗಳು.

ಫೆಲೋಶಿಪ್ಪಿನದೇ ನೋಡಿ. ಕಿರಿಯ ಸಂಶೋಧಕರಿಗೆ, ಅಂದರೆ ಜೆ.ಆರ್.ಎಫ್.ಗೆ, ತಿಂಗಳಿಗೆ 37,000 ರೂಪಾಯಿ. ಎರಡು ವರ್ಷ ಕಳೆದು ಹಿರಿಯ ಅನ್ನಿಸಿಕೊಂಡರೆ 42,000. ಈ ದರ 2023ರ ಜನವರಿ 1ರಿಂದ ಬಂದದ್ದು. ಸಂಸ್ಥೆಯ ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಅದಕ್ಕೆ ಹಾಸ್ಟೆಲ್ ಕೊಟ್ಟಿಲ್ಲ ಎಂಬ ಪತ್ರ ಬೇಕು, ಕೇಳಿದವನಿಗೆ ಮಾತ್ರ ಅದು ಗೊತ್ತು. ತಿಪಟೂರಿನಲ್ಲಿ ನಮ್ಮಕ್ಕ ಈ ಅಂಕಿ ಕೇಳಿ ಹೆಣ್ಣು ನೋಡಲು ಶುರುಮಾಡಿದ್ದಳು. ಪಾಪ, ಆಕೆಗೇನು ಗೊತ್ತು. ದುಡ್ಡು ಮಂಜೂರಾಗುವುದು ಬೇರೆ, ಬರುವುದು ಬೇರೆ. ‘ಈ ತಿಂಗಳು ಈ ಹುಡುಗ ಬದುಕಿದ್ದಾನೆ, ಕೆಲಸ ಮಾಡಿದ್ದಾನೆ’ ಅಂತ ವಿಶ್ವವಿದ್ಯಾಲಯದಲ್ಲಿ ಒಬ್ಬರು ಕಂಪ್ಯೂಟರಿಗೆ ತುಂಬಬೇಕು, ಅವರ ಹೆಸರು ‘ಮೇಕರ್’. ಇನ್ನೊಬ್ಬರು ನೋಡಿ ಒಪ್ಪಬೇಕು, ಅವರು ‘ಚೆಕರ್’. ಮೇಕರ್ ರಜಾದಲ್ಲಿದ್ದಾಗ ಚೆಕರ್ ಇರುತ್ತಾರೆ, ಚೆಕರ್ ರಜಾದಲ್ಲಿದ್ದಾಗ ಮೇಕರ್ ಇರುತ್ತಾರೆ. ನಮ್ಮ ಹಳೆಯ ಮನೆಗಳಲ್ಲಿ ಅತ್ತೆ ಸೊಸೆ ಸಿನಿಮಾಕ್ಕೆ ಹೋಗುತ್ತಿದ್ದ ಪದ್ಧತಿ ಇದು. ಅಳಿಯ ಇಬ್ಬರ ರಜೆಯ ದಿನಗಳನ್ನೂ ಕೇಳಿ ಕ್ಯಾಲೆಂಡರಿನಲ್ಲಿ ಬರೆದುಕೊಂಡ. ಬ್ಯಾಂಕಿಗೆ ಹೋಗಿ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ಕೇಳಿಬಂದ. ಅದು ಆಗದೆ ದುಡ್ಡು ತಿಂಗಳುಗಟ್ಟಲೆ ಗಾಳಿಯಲ್ಲಿ ತೇಲುತ್ತಿದ್ದವರು ಅವನ ರೂಮಿನಲ್ಲೇ ಇಬ್ಬರಿದ್ದರು.

ಲೈಬ್ರರಿಯದು ಇನ್ನೊಂದು. ನಮ್ಮ ಕಾಲದಲ್ಲಿ ಲೈಬ್ರರಿ ಅಂದರೆ ಫ್ಯಾನಿನ ಕೆಳಗೆ ನಿದ್ದೆ ಮಾಡುವ ಜಾಗ, ಈಗಲೂ ಆ ಸೇವೆಗೆ ಕೊರತೆಯಿಲ್ಲ. ಆದರೆ ಕಡಲಾಚೆಯ ಜರ್ನಲ್ಲಿನ ಒಂದು ಲೇಖನಕ್ಕೆ ಸಾವಿರಾರು ರೂಪಾಯಿ ಕೇಳುವ ಪುಟದ ಮುಂದೆ ಹುಡುಗರು ಬಾಯಿ ಬಿಟ್ಟುಕೊಂಡು ಕೂರುತ್ತಾರೆ, ಇಲ್ಲ ಕಳ್ಳದಾರಿ ಹಿಡಿಯುತ್ತಾರೆ. ಕೇಂದ್ರ ಸರ್ಕಾರ ‘ಒಂದು ರಾಷ್ಟ್ರ, ಒಂದು ಚಂದಾ’ ಅಂತ ಯೋಜನೆ ಮಾಡಿ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟು, 30 ಪ್ರಕಾಶಕರ ಸುಮಾರು 13,000 ಜರ್ನಲ್ಲುಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ 2025ರ ಜನವರಿಯಿಂದ ತೆರೆದಿದೆ. ಅಳಿಯ ಲೈಬ್ರರಿಯ ಮೇಡಂ ಹತ್ತಿರ ಹೋಗಿ ಕೇಳಿದ್ದಕ್ಕೆ ಆಕೆ ಕುರ್ಚಿ ಎಳೆದು ಕೂರಿಸಿ ಒಂದು ಗಂಟೆ ಹೇಳಿಕೊಟ್ಟರಂತೆ. ‘ಮೂರು ತಿಂಗಳಿಂದ ಯಾರೂ ಏನೂ ಕೇಳಿರ್ಲಿಲ್ಲ ಕಣಪ್ಪ’ ಅಂದರಂತೆ. ನೋಡಿ, ಕೆಲವು ಕಿಟಕಿಗಳ ಒಳಗೆ ಕೂತವರೇ ದೆವ್ವ ಯಾವಾಗ ಬರುತ್ತದೋ ಅಂತ ಕಾಯುತ್ತಿರುತ್ತಾರೆ.

ಓಡಾಟದ ಮಾತೂ ಹಾಗೆಯೇ. ನಮ್ಮ ಕಡೆಯ ಸಂಶೋಧನಾ ಸಂಸ್ಥೆಗಳಿಗೆ ತಮ್ಮದೇ ಬಸ್ಸುಗಳಿವೆ. ಜಕ್ಕೂರಿನ ನೆಹರೂ ಕೇಂದ್ರದಿಂದ ಟಾಟಾ ಇನ್‌ಸ್ಟಿಟ್ಯೂಟಿಗೆ ಷಟಲ್ ಓಡುತ್ತದೆ. ಕರ್ನಾಟಕದ ಹೆಣ್ಣುಮಕ್ಕಳಿಗಾದರೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಉಳಿದವರಿಗೆ ನಾಗವಾರದ ಸಿಗ್ನಲ್ಲಿದೆ, ಅಲ್ಲಿ ನಿಂತಷ್ಟು ಹೊತ್ತಿನಲ್ಲಿ ಒಂದು ಅಧ್ಯಾಯ ಓದಬಹುದು.

ಮೆಸ್ಸಿನ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಯಾವ ಮೆಸ್ಸಿನ ಸಾಂಬಾರಿಗೂ ಇನ್ನೊಂದು ಮೆಸ್ಸಿನ ಸಾಂಬಾರಿಗೂ ಜಗಳವಿಲ್ಲ. ಒಂದೇ ಒಂದು ಗುಟ್ಟು. ಊರಿಗೆ ಹೋಗುವಾಗ ಮೊದಲೇ ಬರೆದುಕೊಟ್ಟರೆ ಆ ದಿನಗಳ ಬಿಲ್ಲು ಕಳೆಯುವ ಪದ್ಧತಿ ಎಷ್ಟೋ ಮೆಸ್ಸುಗಳಲ್ಲಿದೆ. ಕೇಳದವನು ಯುಗಾದಿಗೆ ತಿಪಟೂರಿನಲ್ಲಿ ಹೋಳಿಗೆ ತಿಂದು ಇಲ್ಲಿನ ಚಪಾತಿಗೂ ದುಡ್ಡು ಕಟ್ಟುತ್ತಾನೆ.

ಆರೋಗ್ಯ ಕೇಂದ್ರಕ್ಕೆ ಹೋದರೆ ತಲೆನೋವಿಗೂ ಕಾಲುಳುಕಿಗೂ ಒಂದೇ ಬಿಳಿ ಮಾತ್ರೆ ಅಂತ ಹುಡುಗರು ನಗುತ್ತಾರೆ. ನಗಲಿ. ಆದರೆ ನಗಬಾರದ ಒಂದು ಮಾತು ಇದೆ. ಪಕ್ಕದ ಮಂಚದ ಹುಡುಗ ಒಂದು ವಾರದಿಂದ ಊಟಕ್ಕೆ ಏಳುತ್ತಿರಲಿಲ್ಲ, ಯಾರೊಡನೆಯೂ ಮಾತಿಲ್ಲ. ಪ್ರಯೋಗ ಕೆಟ್ಟಿತ್ತೋ, ಗೈಡು ಬೈದಿದ್ದರೋ, ಊರಲ್ಲಿ ಏನಾಗಿತ್ತೋ. ‘ಏನಾಯ್ತೋ’ ಅಂತ ಕೇಳಲು ನಮ್ಮವನು ಎರಡು ದಿನ ಹಿಂದೆಮುಂದೆ ನೋಡಿದನಂತೆ. ಮೂರನೇ ದಿನ ಕೇಳಿದ. ಆ ಹುಡುಗ ರಾತ್ರಿಯೆಲ್ಲ ಮಾತಾಡಿದ. ಬೆಳಿಗ್ಗೆ ಇಬ್ಬರೂ ಸೇರಿ 14416ಕ್ಕೆ ಫೋನ್ ಮಾಡಿದರು. ಟೆಲಿ ಮಾನಸ್ ಅಂತ 2022ರಲ್ಲಿ ಶುರುವಾದ ಸೇವೆ, ಹಗಲೂ ರಾತ್ರಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದರ ಬೆನ್ನಿಗೆ ನಿಂತಿರುವುದು ನಮ್ಮದೇ ನಿಮ್ಹಾನ್ಸ್. ‘ನಾಳೆ ಬನ್ನಿ’ ಅನ್ನದ ಕಿಟಕಿ ಅದು. ಆ ಹುಡುಗ ಈಗ ಮೆಸ್ಸಿನ ಸಾಂಬಾರನ್ನು ಎಲ್ಲರಿಗಿಂತ ಗಟ್ಟಿಯಾಗಿ ಬೈಯುತ್ತಾನೆ. ಅಷ್ಟರ ಮಟ್ಟಿಗೆ ಗುಣವಾಗಿದ್ದಾನೆ.

ಹಾಗಂತ ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕೇಬಿಡುತ್ತದೆ ಅಂತ ನಾನು ಹೇಳಿದರೆ ನನ್ನ ಸೇವಾ ಪುಸ್ತಕ ನಗುತ್ತದೆ. ಕೇಳಿ ಕೇಳಿ ಬಾಯಿ ಒಣಗಿದವರಿಗೂ ದಾರಿ ಇಟ್ಟಿದ್ದಾರೆ. 2023ರ ಯು.ಜಿ.ಸಿ. ನಿಯಮದ ಪ್ರಕಾರ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಇರಬೇಕು, ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಅಲ್ಲೂ ಸಮಾಧಾನವಾಗದಿದ್ದರೆ ಓಂಬುಡ್ಸ್‌ಪರ್ಸನ್ ಅಂತ ಒಬ್ಬರ ಹತ್ತಿರ ಹೋಗಬಹುದು. ಸೀನಿಯರುಗಳ ಚೇಷ್ಟೆ ಮೀರಿದರೆ ರ‍್ಯಾಗಿಂಗ್ ತಡೆಯ 1800-180-5522 ಇದೆ. ಹೆಣ್ಣುಮಕ್ಕಳಿಗೆ ಪಿಎಚ್.ಡಿ. ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ, ಮಗುವಿನ ಆರೈಕೆಯ ರಜೆ ಇದೆ. ಇದನ್ನು ನಮ್ಮ ಅಳಿಯ ತನ್ನ ಲ್ಯಾಬಿನ ಒಬ್ಬ ಅಕ್ಕನಿಗೋಸ್ಕರ ಕೇಳಿಕೊಂಡು ಬಂದ. ಕಿಟಕಿಯ ಹುಡುಗಿ ಅವನನ್ನು ನೋಡಿ ‘ನಿಮಗಾ?’ ಅಂದಳಂತೆ.

ಹೀಗೆ ಹುಡುಗ ತಯಾರಾಗುತ್ತಿದ್ದ. ಕೊನೆಯಲ್ಲಿ ‘ಬಾಕಿ ಇಲ್ಲ’ ಪ್ರಮಾಣಪತ್ರ ಅಂತ ಒಂದು ಬರುತ್ತದೆ, ಲೈಬ್ರರಿ, ಹಾಸ್ಟೆಲ್, ಮೆಸ್ಸು, ಲ್ಯಾಬು, ಆಟದ ಮೈದಾನ ಎಲ್ಲ ಕಡೆ ಸಹಿ ಹಾಕಿಸಬೇಕು, ನೀನು ಜೀವಮಾನದಲ್ಲಿ ಮುಟ್ಟದ ಹಾಕಿ ಸ್ಟಿಕ್ಕಿಗೂ ಬಾಕಿ ಇಲ್ಲ ಅಂತ ಬರೆಸಬೇಕು ಅಂತ ಹೇಳಿ ಹೆದರಿಸಿದೆ. “ಅದಕ್ಕಿನ್ನೂ ಟೈಮಿದೆ ಬಿಡಿ ಮಾವ. ಕಡಿಮೆ ಅಂದ್ರೆ ಮೂರು ವರ್ಷ, ಹೆಚ್ಚಂದ್ರೆ ಆರು. ನಿಯಮ ಕೇಳ್ಕೊಂಡ್ ಬಂದಿದೀನಿ,” ಅಂದ.

ನವೆಂಬರ್ ಬಂತು. ಜಿ.ಕೆ.ವಿ.ಕೆ.ಯಲ್ಲಿ ಕೃಷಿಮೇಳ, ನಮ್ಮ ಕಡೆ ರಸ್ತೆಯೆಲ್ಲ ಜನ. ನನಗೆ ಮೇಳವಲ್ಲ, ಬೇರೆ ಹಬ್ಬ. ಪಿಂಚಣಿದಾರರೆಲ್ಲ ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ ನಾವಿನ್ನೂ ಬದುಕಿದ್ದೇವೆ ಅಂತ ರುಜುವಾತು ಮಾಡಿಕೊಡಬೇಕು. ಜೀವಿತ ಪ್ರಮಾಣಪತ್ರ. ಅಳಿಯನಿಗೆ ಬೋನಫೈಡ್ ಹೇಗೋ ನನಗೆ ಇದು ಹಾಗೆ. ಆ ದಿನ ಶನಿವಾರ, ಕೃಷಿಮೇಳ ತೋರಿಸುತ್ತೇನೆ ಅಂತ ಆಸೆ ಹಚ್ಚಿ ಅವನನ್ನೂ ಜೊತೆಗೆ ಕರೆದುಕೊಂಡು ಹೋದೆ.

ಕ್ಯೂನಲ್ಲಿ ನನ್ನ ಸರದಿ ಬಂತು. ಎರಡು ಸಲ ಹೆಬ್ಬೆಟ್ಟು ಇಟ್ಟೆ. ಯಂತ್ರ ಒಪ್ಪಲಿಲ್ಲ. ಮೂವತ್ತೊಂದು ವರ್ಷ ಕಾಗದ ತಿರುವಿ ತಿರುವಿ ಬೆರಳಿನ ಗೆರೆಯೆಲ್ಲ ಸವೆದುಹೋಗಿದೆಯಂತೆ. ಒಳಗಿದ್ದ ಹುಡುಗ ಮಾನಿಟರ್ ನೋಡುತ್ತಲೇ ಅಂದ, “ತಗೋತಾ ಇಲ್ಲ ಸರ್. ನಾಳೆ ಬನ್ನಿ.”

“ಆಯ್ತಪ್ಪ,” ಅಂತ ನಾನು ಪಾಸ್‌ಬುಕ್ಕು ಚೀಲಕ್ಕೆ ಹಾಕಿಕೊಂಡು ತಿರುಗಿದೆ. ವಿಧೇಯತೆ ಅಂದರೆ ಹಾಗಿರಬೇಕು, ಒಂದು ಮಾತಿಲ್ಲ.

ಅಳಿಯ ನನ್ನ ತೋಳು ಹಿಡಿದು ನಿಲ್ಲಿಸಿದ. ಕಿಟಕಿಗೆ ಬಗ್ಗಿದ.

“ಸರ್, ನಾಳೆ ಭಾನುವಾರ.”

ಒಳಗಿದ್ದವನು ತಲೆ ಎತ್ತಿದ.

“ಬೆರಳು ಆಗದಿದ್ರೆ ಬೇರೆ ದಾರಿ ಏನಿದೆ? ಮುಖ ತೋರ್ಸಿದ್ರೆ ಆಗುತ್ತಂತಲ್ಲ? ಇಲ್ಲಾಂದ್ರೆ ಕಾಗದದ ಫಾರಂ ಇದ್ಯಾ? ಯಾರು ಸೈನ್ ಮಾಡ್ಬೇಕು, ಅವರು ಈಗ ಸೀಟಲ್ಲಿದಾರಾ?”

ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಮೊಬೈಲ್ ಮುಂದೆ ಕಣ್ಣು ಮಿಟುಕಿಸಿದೆ, ನಾನು ಬದುಕಿದ್ದೇನೆ ಅಂತ ಸರ್ಕಾರ ಒಪ್ಪಿಕೊಂಡಿತು. ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ಹುಡುಗ ತುಟಿ ಬಿಗಿಹಿಡಿದು ನಗು ತಡೆಯುತ್ತಿದ್ದ.

“ಏನೋ ಅದು?”

“ಏನಿಲ್ಲ ಮಾವ. ‘ನಾಳೆ ಬನ್ನಿ’ ಅಂದ ತಕ್ಷಣ ಎಷ್ಟು ಚೆನ್ನಾಗಿ ತಿರುಗಿ ಹೊರಟ್ರಿ! ಅಜ್ಜಿ ಹೇಳ್ತಿದ್ದ ದೆವ್ವಾನೂ ಅಷ್ಟು ಬೇಗ ಹೋಗ್ತಿರ್ಲಿಲ್ಲ ಅನ್ಸುತ್ತೆ.”